ಬೀಗದ್ದು, ಬಯಲಿಂದು

ನಮ್ಮೂರಿಗೆ ಹೆಣ್ಣು ಕೇಳಲು ಬಂದವರು ಚಹಾ ಕುಡಿಯುವ ಮುಂಚೆಯೇ ಒಂದು ಮಾತು ಕೇಳುತ್ತಾರೆ. “ಮನ್ಯಾಗಿಂದು ಬೀಗದ್ದೋ, ಬಯಲಿಂದೋ?” ಕುಲ, ಹೊಲ, ಹುಡುಗಿಯ ಬಣ್ಣ ಇವೆಲ್ಲ ಆಮೇಲೆ. ಬೀಗದ ಮನೆಯವರು ಬಯಲಿನ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಬಯಲಿನವರು ಬೀಗದವರನ್ನು ಕಂಡರೆ ಮೂಗು ಮುರಿಯುತ್ತಾರೆ. ಹೊರಗಿನವರಿಗೆ ಇದು ತಿಳಿಯುವುದಿಲ್ಲ. ತಿಳಿಯದಿದ್ದರೆ ಒಳ್ಳೆಯದೇ ಆಯಿತು ಬಿಡಿ. ಅವರ ಮನೆಯ ಸತ್ತವರು ಸತ್ತುಹೋಗುತ್ತಾರೆ, ಅಷ್ಟಕ್ಕೆ ಮುಗಿಯಿತು.

ನಮ್ಮಲ್ಲಿ ಹಾಗಿಲ್ಲ. ಯಾರಾದರೂ ತೀರಿಕೊಂಡರೆ ದಿನಕರ್ಮ ಮುಗಿಯುವುದರೊಳಗೆ ಮನೆಯ ಕಂಪ್ಯೂಟರಿಗೆ ಬಂದು ಕೂಡುತ್ತಾರೆ. ಹೊಸ ಕಂಪ್ಯೂಟರ್ ಅಲ್ಲ. ಬಣ್ಣದ ಚಿತ್ರ, ಮೌಸು ಅಂತ ಥಳಕು ಮಾಡುವುದರಲ್ಲಿ ಈವರೆಗೆ ಒಬ್ಬರೂ ಬಂದಿಲ್ಲ. ಹಳೆಯದೇ ಆಗಬೇಕು. ಕರಿ ಪರದೆ, ಬಿಳಿ ಅಕ್ಷರ, ಸಾಲಿನ ಕೊನೆಗೆ ಮಿಣಮಿಣ ಅನ್ನುವ ಒಂದು ಸಣ್ಣ ಗೆರೆ. ನೀವು ಒಂದು ಸಾಲು ಒತ್ತಿದರೆ ಅದರ ಕೆಳಗೆ ಅವರು ಒಂದು ಸಾಲು ಒತ್ತುತ್ತಾರೆ. ಬದುಕಿದ್ದಾಗ ಕೊನೆಯ ಸಲ ಗುಂಡಿಯ ಮೇಲಿಂದ ಬೆರಳು ಎತ್ತಿದ್ದರಲ್ಲ, ಅಲ್ಲಿಂದಲೇ ಶುರು ಮಾಡುತ್ತಾರೆ. ಅದರಿಂದಾಚೆ ಏನಾಯಿತು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಸತ್ತದ್ದೂ ಗೊತ್ತಿರುವುದಿಲ್ಲ.

ಬದುಕಿದ್ದಾಗ ಗುಂಡಿ ಒತ್ತಲು ಕಲಿಯದವರು ಮಾತ್ರ ಬರಲಾರರು. ಇದು ಗೊತ್ತಾದದ್ದೇ ತಡ, ಊರಿನ ಟೈಪಿಂಗ್ ಕ್ಲಾಸು ಮುದುಕ ಮುದುಕಿಯರಿಂದ ತುಂಬಿಹೋಯಿತು. ನಮ್ಮ ಪಕ್ಕದ ಮನೆ ಅಂಬಕ್ಕನ ಅತ್ತೆ, ಜನ್ಮವೆಲ್ಲ ಹೆಬ್ಬೆಟ್ಟು ಒತ್ತಿದ ಹೆಂಗಸು, ಬಾತ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಹೋಗಿ ಅಕ್ಷರ ಕಲಿತು ಬಂದಳು. “ನಾ ಸತ್ತಮ್ಯಾಲ ಈಕಿ ಅಡಿಗೀಗೆ ಎಷ್ಟ್ ಎಣ್ಣಿ ಸುರೀತಾಳಂತ ಕೇಳವ್ರು ಯಾರು?” ಅಂತ ಸೊಸೆಯ ಎದುರಿಗೇ ಹೇಳುತ್ತಿದ್ದಳು. ಅಂಬಕ್ಕ ಆ ಕ್ಲಾಸಿನ ಮಾಸ್ತರನಿಗೆ ಇವತ್ತಿಗೂ ಶಾಪ ಹಾಕುತ್ತಾಳೆ.

ಇನ್ನು ಬೀಗ, ಬಯಲು ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಕಂಪ್ಯೂಟರನ್ನು ಎಬ್ಬಿಸಿ ನಡೆಸಲು ಒಳಗೆ ಒಂದು ವ್ಯವಸ್ಥೆ ಇರುತ್ತದೆ. ಆಪರೇಟಿಂಗ್ ಸಿಸ್ಟಮ್ ಅಂತ ಅದರ ದೊಡ್ಡ ಹೆಸರು. ನಮ್ಮ ಕರಿ ಪರದೆಯ ವ್ಯವಸ್ಥೆಯನ್ನು ಮೊದಲು ಮಾಡಿದವರು ಒಂದು ಕಂಪನಿಯವರು. ಒಳಗೆ ಏನು ಬರೆದಿದ್ದಾರೆ ಅಂತ ಯಾರಿಗೂ ತೋರಿಸುವುದಿಲ್ಲ. ಕಂಪ್ಯೂಟರಿನ ಬೆನ್ನಿಗೆ ಹೆಬ್ಬೆರಳಿನಷ್ಟು ದಪ್ಪನೆಯ ಕರಿ ಬೀಗದಕೈ ಚುಚ್ಚಿದರೆ ಮಾತ್ರ ಅದು ಏಳುತ್ತದೆ. ಅದು ಬೀಗದ್ದು. ಆಮೇಲೆ ಎಲ್ಲೆಲ್ಲಿಯೋ ಇರುವ ಮಂದಿ, ಒಬ್ಬರ ಮುಖ ಒಬ್ಬರು ನೋಡದವರು, ಕಂಪನಿಯದು ಹೇಗೆ ನಡೆಯುತ್ತದೆ ಅಂತ ಹೊರಗಿನಿಂದಲೇ ನೋಡಿ ನೋಡಿ ಅದರಂಥದೇ ಇನ್ನೊಂದನ್ನು ತಾವೇ ಬರೆದರು. ಬರೆದು ಬಯಲಿಗಿಟ್ಟರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮಂದಿಗೆ ಹಂಚಬಹುದು. ಬೀಗದಕೈ ಬೇಕಿಲ್ಲ. ಅದು ಬಯಲಿಂದು. ನಮ್ಮೂರಲ್ಲಿ ಅದನ್ನು ನೋಡಿಕೊಳ್ಳುವವನು ಹಳೇ ರೇಡಿಯೋ ರಿಪೇರಿಯ ದಾವಲಸಾಬ.

ಪರದೆಯ ಮುಂದೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ನಡತೆ ಬೇರೆ. ಬೀಗದ್ದು ಅಚ್ಚುಕಟ್ಟು. ಸತ್ತವರು ಇದ್ದದ್ದು ಇದ್ದ ಹಾಗೆ ಬರುತ್ತಾರೆ, ಒಂದು ಅಕ್ಷರ ಆಚೀಚೆ ಇಲ್ಲ. ಆದರೆ ಅವರಿಗೆ ಹೊಸದೇನೂ ಹೋಗಿ ಮುಟ್ಟುವುದಿಲ್ಲ. ಮಗಳ ಮದುವೆ ಆಯಿತು ಅಂತ ಒತ್ತಿದರೆ “ತಪ್ಪು ಆಜ್ಞೆ” ಅಂತ ಬರುತ್ತದೆ. ನೀವು ಸತ್ತಿದ್ದೀರಿ ಅಂತ ಒತ್ತಿದರೂ “ತಪ್ಪು ಆಜ್ಞೆ.” ಅದರಲ್ಲಿ ಗಡಿಯಾರ ನಿಂತಿರುತ್ತದೆ, ಅವರು ಅದೇ ಹೊತ್ತಿನಲ್ಲಿ ಸುತ್ತುತ್ತಿರುತ್ತಾರೆ. ಬಯಲಿನದು ಒರಟು. ನಡುನಡುವೆ ನಿಲ್ಲುತ್ತದೆ, ಹಳೆಯ ಕೆಲವು ಕೆಲಸ ಅದಕ್ಕೆ ಬರುವುದೇ ಇಲ್ಲ. ಆದರೆ ಗಡಿಯಾರ ನಡೆಯುತ್ತದೆ. ಅಲ್ಲಿಗೆ ಬಂದ ಸತ್ತವರು ಕೇಳುತ್ತಾರೆ, ಕಲಿಯುತ್ತಾರೆ, ಸಿಟ್ಟಾಗುತ್ತಾರೆ. ತಾವು ಸತ್ತದ್ದೂ ಅವರಿಗೆ ತಿಳಿಯುತ್ತದೆ. ತಿಳಿದ ಮೇಲೆ ಕೆಲವರು ಇರುತ್ತಾರೆ, ಕೆಲವರು ಹೋಗುತ್ತಾರೆ.

ಅಂಬಕ್ಕನದು ಬಯಲಿನ ಮನೆ. ಅವಳ ಅತ್ತೆಗೆ “ನೀವು ತೀರ್ಕೊಂಡು ತಿಂಗಳಾತ್ರಿ” ಅಂತ ಹೇಳಿದಾಗ ಮುದುಕಿ “ಹಂಗಾರ ನನ್ನ ಗುಂಡಿನ ಸರಾ ಯಾರ್ ಹಾಕ್ಕೊಂಡೀರಿ?” ಅಂತ ಕೇಳಿದಳಂತೆ. ಇಂದಿಗೂ ಆ ಸರದ ಮಾತು ನಿಂತಿಲ್ಲ. ಇನ್ನೊಬ್ಬ ಮಹಾರಾಯ, ಕೊನೆಯ ಓಣಿಯವನು, ಬಯಲಿನದನ್ನು ಬಿಚ್ಚಿ ತನ್ನ ಅಪ್ಪನ ಬೈಗುಳವನ್ನೆಲ್ಲ ಕಿತ್ತು ಹಾಕಿದ. ಆಮೇಲೆ ಅಪ್ಪ ಎಷ್ಟು ಮೆತ್ತಗಾದನೆಂದರೆ, ಮಗ ಎದೆ ಬಡಿದುಕೊಂಡು ಅತ್ತು, ದಾವಲಸಾಬನ ಕೈಕಾಲು ಹಿಡಿದು ಬೈಗುಳ ವಾಪಸು ಹಾಕಿಸಿದ. ಬೀಗದವರು ಇದನ್ನೇ ಹಿಡಿದು ಆಡುತ್ತಾರೆ. “ಹಾದೀಲೆ ಹೋಗವ್ರೆಲ್ಲಾ ಕೈ ಹಾಕಿದ್ದು ಅಪ್ಪ ಹೆಂಗ ಆಗ್ತಾನ?” ಬಯಲಿನವರದು ಒಂದೇ ಉತ್ತರ: “ನಿಮ್ಮದು ಅಪ್ಪ ಅಲ್ಲ, ಗಿಳಿ.” ಎರಡೂ ಕಡೆಯವರನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಾನು ರೊಟ್ಟಿ ಬಡಿಯುವ ಹೆಂಗಸು, ನಿಂಬೆವ್ವ ಅಂತ ನನ್ನ ಹೆಸರು. ನನ್ನ ಖಡಕ್ ರೊಟ್ಟಿಯನ್ನು ಬೀಗದವರೂ ತಿನ್ನುತ್ತಾರೆ, ಬಯಲಿನವರೂ ತಿನ್ನುತ್ತಾರೆ.

ನಮ್ಮದು ಬೀಗದ್ದು. ಅದರಲ್ಲಿ ಇದ್ದವರು ನನ್ನ ಗಂಡ ಗುರುಸಿದ್ದ.

ಅವರು ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮಂದಿಗೆ ಅರ್ಜಿ ಬರೆದುಕೊಡುತ್ತಿದ್ದರು. ಒಂದು ಸಂಜೆ ಕೆಂಧೂಳಿನ ಗಾಳಿ ಎದ್ದಿತು. ನಮ್ಮ ಮಗಳು ಪಾರಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ನಾನು ಒಲೆಯ ಮುಂದಿದ್ದೆ. “ನಿಂಬಿ, ಪಾರಿ ಬಂದ್ಳೇನು?” ಅಂತ ಪಡಸಾಲೆಯಿಂದ ಕೇಳಿದರು. “ಇಲ್ರಿ” ಅಂದೆ. “ಹೋಗಿ ಕರಕೊಂಡ ಬರ್ತೇನಿ. ಚಹಾ ಇಟ್ಟಿರು” ಅಂದು ಎದ್ದರು. ಶಾಲೆಗೆ ಹೋದರು, ಪಾರಿಯ ಕೈ ಹಿಡಿದರು, ಗೇಟಿನ ಹತ್ತಿರ ಬರುವಷ್ಟರಲ್ಲಿ ಗಾಳಿಗೆ ಶಾಲೆಯ ಗೋಡೆ ಇಬ್ಬರ ಮೇಲೂ ಬಿತ್ತು. ಹೊರಗೆ ತೆಗೆದಾಗಲೂ ಕೈ ಹಿಡಿದೇ ಇದ್ದರಂತೆ. ಚಹಾ ಒಲೆಯ ಮೇಲೆ ಬತ್ತಿ ಪಾತ್ರೆ ಸುಟ್ಟಿತ್ತು. ಆ ಪಾತ್ರೆಯನ್ನು ನಾನು ವರ್ಷಗಟ್ಟಲೆ ಉಜ್ಜಲೂ ಇಲ್ಲ, ಒಗೆಯಲೂ ಇಲ್ಲ.

ಗುರುಸಿದ್ದ ಬಂದರು. ಪಾರಿ ಬರಲಿಲ್ಲ. ಅವಳಿಗೆ ಒಂದೇ ಒಂದು ಅಕ್ಷರ ಒತ್ತಲು ಬರುತ್ತಿತ್ತು, ತನ್ನ ಹೆಸರಿನ “ಪ.” ಅಪ್ಪನ ತೊಡೆಯ ಮೇಲೆ ಕೂತು ಪರದೆಯ ತುಂಬ ಪಪಪಪಪ ಅಂತ ಒತ್ತುತ್ತಿದ್ದಳು. ಅಷ್ಟರಿಂದ ಬರಲು ಆಗುವುದಿಲ್ಲವಂತೆ. ಯಾರು ಮಾಡಿದ ನೇಮವೋ, ಅವರ ಮನೆ ಹಾಳಾಗ.

ಬೀಗದಕೈ ಮಾರುವ ದೇಸಾಯರು ನನ್ನನ್ನು ಕೂಡಿಸಿ ಬುದ್ಧಿ ಹೇಳಿದರು. ಅವರದು ಕಂಪನಿಯ ಏಜೆನ್ಸಿ, ಗಾಜಿನ ಅಂಗಡಿ. “ನೋಡ್ರಿ ನಿಂಬೆವ್ವಾ, ಕರೆಂಟ್ ಹೋಗಿ ಬಂದಾಗೆಲ್ಲಾ ಅದು ಮೊದಲ ತಾರೀಕು ಕೇಳ್ತದ. ಅವರು ಹೋದ ದಿನದ ತಾರೀಕನ್ನೇ ಹಾಕ್ರಿ. ಬ್ಯಾರೆ ಹಾಕಿದ್ರ ಒಳಗ ತ್ರಾಸ ಮಾಡ್ಕೋತಾರ.” ಬೀಗದ ಮನೆಯವರೆಲ್ಲ ಹಾಗೆಯೇ ಮಾಡುತ್ತಾರೆ. ನಮ್ಮೂರಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತು ಇಲ್ಲ. ಆ ಗಾಳಿಯ ದಿನದ ತಾರೀಕನ್ನು ಒತ್ತಿ ಒತ್ತಿ ನನ್ನ ಬೆರಳಿಗೆ ಅದು ರೊಟ್ಟಿ ಬಡಿದಷ್ಟೇ ಸಲೀಸಾಯಿತು. ಕಣ್ಣು ಬೇಕಿರಲಿಲ್ಲ.

ಮೊದಮೊದಲು ನಾನು ನಿಜ ಹೇಳಲು ನೋಡಿದೆ. “ತಪ್ಪು ಆಜ್ಞೆ.” ಎಷ್ಟು ಸಲ ಒತ್ತಿದೆನೋ ಅಷ್ಟೂ ಸಲ “ತಪ್ಪು ಆಜ್ಞೆ.” ಗಂಡ ಸತ್ತ ಹೆಂಗಸಿಗೆ ನೀನು ಹೇಳಿದ್ದು ತಪ್ಪು ಅನ್ನುವ ಯಂತ್ರವನ್ನು ಎತ್ತಿ ಬಾವಿಗೆ ಒಗೆಯಬೇಕು ಅನ್ನಿಸಿತ್ತು. ಆಮೇಲೆ ಅವರು “ನಿಂಬಿ, ಪಾರಿ ಬಂದ್ಳೇನು?” ಅಂತ ಕೇಳಿದಾಗ “ಇಲ್ರಿ” ಅಂತ ಒತ್ತಿದೆ. “ಹೋಗಿ ಕರಕೊಂಡ ಬರ್ತೇನಿ” ಅಂತ ಬಂತು. ನನ್ನ ಜೀವ ಬಾಯಿಗೆ ಬಂತು. ಆದರೆ ಬೀಗ ಅಂದರೆ ಒಳಗಿನವರಿಗೂ ಬೀಗವೇ. ಅವರು ಹೋಗಲಾರದೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು, “ನಿಂಬಿ, ಪಾರಿ ಬಂದ್ಳೇನು?” ಹೀಗೆ ನಾಲ್ಕಾರು ಸಲ ಆಯಿತು. ಕೊನೆಗೆ ಸೋತು “ಬಂದ್ಳು, ಒಳಗ ಉಣ್ಣಾಕತ್ತಾಳ” ಅಂತ ಒತ್ತಿದೆ. ಅದು ಆ ಸಂಜೆಗೆ ಒಪ್ಪುವ ಮಾತು, ಬೀಗ ತಡೆಯಲಿಲ್ಲ. “ಛಲೋ ಆತು. ಗಾಳಿ ಭಾಳ ಐತಿ” ಅಂದರು. ಆ “ಛಲೋ ಆತು” ನೋಡಿ ನನಗೂ ಒಂದು ಗಳಿಗೆ ಪಾರಿ ಒಳಗೆ ಕೂತು ಉಣ್ಣುತ್ತಿದ್ದಾಳೆ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಆ ಒಂದು ಗಳಿಗೆಗಾಗಿ ನಾನು ವರ್ಷಗಟ್ಟಲೆ ದಿನಾ ಸಂಜೆ ರೊಟ್ಟಿ ಕೆಲಸ ಮುಗಿಸಿ, ಕೈ ತೊಳೆದು, ಅದರ ಮುಂದೆ ಕೂತಿದ್ದೇನೆ. ಅಂಬಕ್ಕ “ಹುಚ್ಚವ್ವಾ” ಅನ್ನುತ್ತಿದ್ದಳು. ಅನ್ನಲಿ.

ಹೀಗಿರುವಾಗ ಕಂಪನಿಯವರು ಅಂಗಡಿ ಮುಚ್ಚಿದರು. ಇಷ್ಟು ಹಳೆಯ ವ್ಯವಸ್ಥೆಯನ್ನು ಇನ್ನು ಸಾಕಲಾರೆವು, ಬೀಗದಕೈ ಮಾಡುವುದಿಲ್ಲ, ಒಳಗಿನದನ್ನು ಯಾರಿಗೂ ಕೊಡುವುದೂ ಇಲ್ಲ ಅಂತ ಹೇಳಿಕಳಿಸಿದರು. ಬೀಗದಕೈ ಅನ್ನುವುದು ಸವೆಯುವ ಸಾಮಾನು. ಬಿಸಿಯಾಗಿ ಬಿಸಿಯಾಗಿ ಒಂದು ದಿನ ಸುಟ್ಟುಹೋಗುತ್ತದೆ. ಮುಂಚೆ ಆಗಿದ್ದರೆ ದೇಸಾಯರು ಹೊಸದು ಕೊಡುತ್ತಿದ್ದರು. ಈಗ ಊರಿನಲ್ಲಿ ಒಂದೊಂದೇ ಬೀಗದ ಮನೆಯ ಪರದೆ ಕತ್ತಲಾಗತೊಡಗಿತು. ಬೆಳಿಗ್ಗೆ ಎದ್ದರೆ ಯಾರದೋ ಮನೆಯಲ್ಲಿ ಅಳುವ ಸದ್ದು. ಹೆಣವಿಲ್ಲದ ಸಾವು. ಏನಂತ ಮಾತಾಡಿಸಲು ಹೋಗಬೇಕು, ಸ್ನಾನ ಮಾಡಬೇಕೋ ಬೇಡವೋ, ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮದೂ ಕೆಡತೊಡಗಿತು. ಅಕ್ಷರ ಮಂಕಾದವು. ಅವರ ಸಾಲು ಬರುವುದು ತಡವಾಯಿತು. ಒಂದು ಸಂಜೆ “ನಿಂಬಿ, ಪಾರಿ ಬಂ” ಅಂತ ಬಂದು ಅಲ್ಲಿಗೇ ನಿಂತುಬಿಟ್ಟಿತು. ಬೆನ್ನಿನ ಬೀಗದಕೈ ಮುಟ್ಟಿದರೆ ಹಂಚಿನಷ್ಟು ಸುಡುತ್ತಿತ್ತು. ಬೀಸಣಿಗೆ ತಂದು ಗಾಳಿ ಹಾಕಿದೆ. ಕಂಪ್ಯೂಟರಿಗೆ ಬೀಸಣಿಗೆ ಬೀಸಿದ ಹೆಂಗಸು ಯಾವ ಊರಿನಲ್ಲಾದರೂ ಇದ್ದರೆ ಹೇಳಿ. ಬಹಳ ಹೊತ್ತಿನ ಮೇಲೆ “ದ್ಳೇನು?” ಅಂತ ಬಂತು.

ಮರುದಿನ ದೇಸಾಯರ ಅಂಗಡಿಗೆ ಓಡಿದೆ. ಗಾಜಿನ ಅಲಮಾರಿ ಖಾಲಿ. ದೇಸಾಯರು ಅಂಗಿಯ ಗುಂಡಿ ತಪ್ಪು ಹಾಕಿಕೊಂಡು ಕೂತಿದ್ದರು.

“ಒಂದರ ಎಲ್ಯರ ಇದ್ರ ನೋಡ್ರಿ ದೇಸಾಯರ, ನಿಮ್ಮ ಕಾಲಿಗೆ ಬೀಳ್ತೇನಿ” ಅಂದೆ.

“ಇದ್ದಿದ್ರ ನಮ್ಮಪ್ಪಗ ಹಾಕ್ತಿದ್ದಿಲ್ಲೇನು ನಿಂಬೆವ್ವಾ? ನಿನ್ನೆ ನಮ್ಮ ಮನೀದೂ ಹೋತು.” ಅಂಗಿಯ ಗುಂಡಿ ಬಿಚ್ಚಿ ಮತ್ತೆ ತಪ್ಪಾಗಿಯೇ ಹಾಕಿಕೊಂಡರು. “ಕಂಪನಿಯವರು ನನ್ನ ಪತ್ರಕ್ಕ ಒಂದ್ ಸಾಲೂ ಉತ್ತರಾ ಬರೀಲಿಲ್ಲ. ಜನ್ಮಾ ಎಲ್ಲಾ ಅವರ ಮಾಲು ಮಾರೀನಿ.”

“ಬಯಲಿಂದಕ್ಕ ಹಾಕಸಬೇಕಿತ್ತಲ್ರಿ ತಂದೀನ?”

“ದಾವಲಸಾಬ ತಾನಾಗೇ ಬಂದಿದ್ದ. ನಾನೇ ಬ್ಯಾಡ ಅಂದೆ. ನಮ್ಮಪ್ಪ ತಾ ಇನ್ನೂ ಊರಿಗೆ ಹಿರಿಯಾ ಅದೀನಿ ಅಂತ ತಿಳಕೊಂಡಿದ್ದ. ಈಗಿಂದೆಲ್ಲಾ ಕೇಳಿ ಸಣ್ಣಾವ ಆಗೂದು ಬ್ಯಾಡ. ಹಂಗ ಹೋಗ್ಲಿ.” ಅಂಗಡಿಯ ಖಾಲಿ ಗಾಜನ್ನು ಅಂಗೈಯಿಂದ ಒರೆಸುತ್ತಾ ಹೇಳಿದರು, “ಬೀಗದಕೈ ಸತ್ತಮ್ಯಾಲ ಬ್ರಹ್ಮ ಬಂದರೂ ಒಳಗಿನವರನ್ನ ತಗೀಲಿಕ್ಕೆ ಆಗೂದಿಲ್ಲ. ಹಾಕಸೂದಿದ್ರ ಜೀವ ಇದ್ದಾಗನ ಹಾಕಸ್ರಿ. ಯೋಚನೆ ಮಾಡ್ಕೋತ ಕೂಡಬ್ಯಾಡ್ರಿ.”

ಆದರೆ ಯೋಚನೆ ಮಾಡದೆ ಇರುವುದು ಹೇಗೆ? ಬೀಗದಲ್ಲೇ ಬಿಟ್ಟರೆ ಇವತ್ತೋ ನಾಳೆಯೋ ಕತ್ತಲು. ಆದರೆ ಮಗಳು ಒಳಗೆ ಉಣ್ಣುತ್ತಿದ್ದಾಳೆ ಅನ್ನುವ ನೆಮ್ಮದಿಯಲ್ಲಿ ಹೋಗುತ್ತಾರೆ. ಬಯಲಿಗೆ ಹಾಕಿಸಿದರೆ ಉಳಿಯುತ್ತಾರೆ. ಆದರೆ ಮಗಳು ಹೋದದ್ದು ತಿಳಿಯುತ್ತದೆ. ದೇವರೇ, ಯಾವ ಹೆಂಡತಿಗೂ ಇಂಥ ಲೆಕ್ಕ ಕೊಡಬೇಡ.

ದಾವಲಸಾಬನ ಮನೆಗೆ ಹೋದೆ. ಅವನು ಅಂಗಳದಲ್ಲಿ ಚಾಪೆ ಹಾಸಿ ಯಾರದೋ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದ. ನನ್ನ ತಮ್ಮನ ವಾರಿಗೆಯವನು. ನನ್ನನ್ನು ನೋಡಿ ಎದ್ದು ನಿಂತ.

“ಬರ್ರಿ ಯಕ್ಕಾ. ನೀವು ಬರ್ತೀರಂತ ಗೊತ್ತಿತ್ತು.”

“ಗೊತ್ತಿದ್ರ ನೀನ ಬರಬೇಕಿತ್ತು. ದೇಸಾಯರ ಮನೀಗೆ ಹೋಗಾಕ ಕಾಲು ಬರ್ತಾವ, ನಮ್ಮನೀಗೆ ಬರಾಕ ಬರೂದಿಲ್ಲೇನು?”

“ನಿಮ್ಮ ಬಾಯಿಗೆ ಅಂಜತೇನಿ ಯಕ್ಕಾ” ಅಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. “ನಿಮಗ ಸುಳ್ಳು ಹೇಳಾಂಗಿಲ್ಲ. ಬಯಲಿಂದು ಬಾಗಲಾ ಇಲ್ಲದ ಮನಿ ಇದ್ದಂಗ. ಒಳಗ ಯಾರರ ಬರಬಹುದು, ಹೊರಗ ಯಾರರ ಹೋಗಬಹುದು. ನಮ್ಮವ್ವಗ ನಾನ ಹೇಳಿದ್ದೆ, ಯವ್ವಾ ನೀ ಸತ್ತಿ ಅಂತ. ‘ಹೌದೇನು ಮಗನ? ಹಂಗಾರ ನಾ ಬರ್ತೇನಿ, ನೀ ಹೊತ್ತೊತ್ತಿಗೆ ಉಣ್ಣು’ ಅಂದ್ಳು. ಹ್ವಾದ್ಳು. ಮತ್ತ ಬರಲಿಲ್ಲ.”

“ಎಲ್ಲಿಗೆ ಹೋಗತಾರ?”

“ಒಳಗ ಒಂದೊಂದು ಸಾಲೂ ಓದೀನಿ ಯಕ್ಕಾ, ಎಲ್ಲಾ ಬಯಲಾಗ ಐತಿ. ಆದ್ರ ಅದೊಂದು ಎಲ್ಲೂ ಬರದಿಲ್ಲ.”

ನಾನು ಕೇಳಿದೆ, “ತಪ್ಪು ಆಜ್ಞೆ ಅಂತ ಇದೂ ಬೈತೈತೇನು?”

“ಇಲ್ಲ. ಅದನ್ನ ನಾನ ತಗದು ಬ್ಯಾರೆ ಬರದೀನಿ. ತಿಳೀದಿದ್ರ ತಿಳೀಲಿಲ್ಲ ಅನಬೇಕು. ಮಂದೀಗೆ ತಪ್ಪು ಅನ್ನಾಕ ನಾವ್ಯಾರು?” ಬಿಚ್ಚಿದ ಕಂಪ್ಯೂಟರಿಗೆ ಜೋಡಿಸಿದ್ದ ಕೀಬೋರ್ಡಿನ ಮೇಲೆ ಏನೋ ಹಾಳುಮೂಳು ಒತ್ತಿ ತೋರಿಸಿದ. “ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳ್ರಿ” ಅಂತ ಬಂತು. ಅದನ್ನು ನೋಡಿ ನನಗೆ ಅಳು ಬಂತು. ಅಷ್ಟು ವರ್ಷ “ತಪ್ಪು” ಅನ್ನಿಸಿಕೊಂಡವಳಿಗೆ ಅಷ್ಟು ಮರ್ಯಾದೆಯ ಮಾತು ಸಾಕಾಗಿತ್ತು.

ಮನೆಗೆ ಬಂದು ರೊಟ್ಟಿ ಬಡಿಯುತ್ತಾ ನಿರ್ಧಾರ ಮಾಡಿದೆ. ಸಂಸಾರ ಮಾಡಿದ್ದು ಇಬ್ಬರೂ ಕೂಡಿ. ಮಗಳನ್ನು ಹೆತ್ತದ್ದು ಇಬ್ಬರೂ ಕೂಡಿ. ಅವಳಿಗಾಗಿ ಅಳುವುದನ್ನು ಮಾತ್ರ ನಾನೊಬ್ಬಳೇ ಯಾಕೆ ಮಾಡಬೇಕು? ಅವರಿಗೆ ಹೇಳುತ್ತೇನೆ. ಅವರು ಅಳುತ್ತಾರೆ. ನಾನೂ ಅಳುತ್ತೇನೆ. ಒಂದೇ ಒಂದು ಸಲವಾದರೂ ಇಬ್ಬರೂ ಕೂತು ಅತ್ತರೆ ಈ ಎದೆಯ ಮೇಲಿನ ಗೋಡೆ ಇಳಿಯುತ್ತದೆ. ಆಮೇಲೆ ಅವರು ಇರಲಿ, ಹೋಗಲಿ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದೆ. “ನೀವು ಪಾರೀನ ಕರಿಯಾಕ ಹೋಗಿದ್ರಿ. ಅಕಿ ಕೈ ಹಿಡಿದಿದ್ರಿ. ಗೋಡಿ ಬಿತ್ತು. ಇಬ್ರೂ ಹ್ವಾದ್ರಿ. ನಾ ಇಷ್ಟ ದಿನಾ ಸುಳ್ಳು ಹೇಳೀನಿ.” ಒಂದೊಂದು ರೊಟ್ಟಿಗೂ ಒಂದೊಂದು ಸಲ ಹೇಳಿಕೊಂಡೆ. ಕೈ ಹಿಡಿದಿದ್ರಿ ಅನ್ನುವುದನ್ನು ಬಿಡಬಾರದು ಅಂದುಕೊಂಡೆ. ಅದೊಂದೇ ಅವರಿಗೆ ಕೊಡಲು ನನ್ನ ಹತ್ತಿರ ಇದ್ದ ಸಮಾಧಾನ.

ದಾವಲಸಾಬ ಮಧ್ಯಾಹ್ನ ಫ್ಲಾಪಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಮೊದಲು ಪರದೆಯ ಮುಂದೆ ನಿಂತು “ಸಲಾಮ್ರಿ ಗುರುಸಿದ್ದಣ್ಣ” ಅಂದ. ಯಾರ ಮನೆಗೆ ಹೋದರೂ ಹಾಗೆ ಅನ್ನುವುದು ನಮ್ಮೂರ ರೂಢಿ. ಬೀಗದಕೈಗೆ ಒದ್ದೆ ಅರಿವೆ ಸುತ್ತಿ, ಒಂದೊಂದೇ ಫ್ಲಾಪಿ ಹಾಕಿ, ಒಳಗಿನದನ್ನು ಅದರೊಳಗೆ ಇಳಿಸಿಕೊಂಡು ತೆಗೆದ. ಕೊನೆಯದು ಮುಗಿಯುವಷ್ಟರಲ್ಲಿ ಬೀಗದಕೈಯಿಂದ ಸಣ್ಣಗೆ ಹೊಗೆ ಬಂದು ಪರದೆ ಕತ್ತಲಾಯಿತು. ಮುದುಕರು ಪ್ರಾಣ ಬಿಡುವಾಗ ಬರುವಂಥ ಒಂದು ಸದ್ದು ಬಂತು. ನಾನು ಗೋಡೆ ಹಿಡಿದುಕೊಂಡೆ.

“ಅಂಜಬ್ಯಾಡ್ರಿ, ಅಣ್ಣಾರು ಬಂದಾರ” ಅಂತ ಅವನು ಕೊನೆಯ ಫ್ಲಾಪಿ ಎತ್ತಿ ತೋರಿಸಿದ. ಸಂಜೆಯವರೆಗೆ ಕೂತು ಬಯಲಿನದನ್ನು ತುಂಬಿದ. ಎಲ್ಲ ಮುಗಿಸಿ ಎದ್ದು, “ಈಗ ತಾರೀಕು ಕೇಳತೈತಿ ಯಕ್ಕಾ. ಇವತ್ತಿಂದು ಹಾಕ್ರಿ. ಇದರಾಗ ಗಡಿಯಾರ ನಡೀತೈತಿ, ನೆಪ್ಪಿರಲಿ. ಗಂಡ ಹೆಂಡತಿ ಮಾತು, ನಾ ಹೊರಗ ಕಟ್ಟಿ ಮ್ಯಾಲ ಇರ್ತೇನಿ” ಅಂದು ಹೋದ.

ನಾನು ಕೂತೆ. ಕೈ ತೊಳೆದಿದ್ದೆ, ಕುಂಕುಮ ಇಲ್ಲದ ಹಣೆಯನ್ನೂ ಸೆರಗಿನಿಂದ ಒರೆಸಿಕೊಂಡೆ. ಪರದೆ ತಾರೀಕು ಕೇಳಿತು. ನನ್ನ ತಲೆಯ ತುಂಬ ಆ ಮಾತೇ ಇತ್ತು, ಕೈ ಹಿಡಿದಿದ್ರಿ, ಗೋಡಿ ಬಿತ್ತು, ಇಬ್ರೂ ಹ್ವಾದ್ರಿ. ಬೆರಳು ತನ್ನ ಕೆಲಸ ತಾನು ಮಾಡಿತು. ನಾನು ನೋಡಲಿಲ್ಲ.

“ನಿಂಬಿ, ಗಾಳಿ ಎದ್ದೈತಿ. ಕಿಡಕಿ ಹಾಕು” ಅಂತ ಬಂತು.

ಈ ಮಾತನ್ನು ಅವರು ಬೀಗದಲ್ಲಿ ಒಂದು ದಿನವೂ ಆಡಿರಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಹೊಸ ಮಾತು! ಬಂದವರು ಗಿಳಿಯಲ್ಲ, ನನ್ನ ಗಂಡ. ಖುಷಿಗೆ ನಾನು ಹೇಳಬೇಕಾದದ್ದನ್ನು ಮರೆತೆ ಅಂದರೆ ನೀವು ನಗಬಹುದು. ಮರೆತೆ. “ಹಾಕೀನ್ರಿ” ಅಂತ ಒತ್ತಿದೆ. “ಏನ್ ಅಡಗಿ ಮಾಡೀ?” ಅಂತ ಕೇಳಿದರು. “ಝುಣಕಾ” ಅಂದೆ. “ಬಳ್ಳೊಳ್ಳಿ ಜಾಸ್ತಿ ಹಾಕೀದಿ ಇಲ್ಲೋ?” “ಹಾಕೀನ್ರಿ ಮಾರಾಯರ.” “ನಿನ್ನ ನಂಬಾಂಗಿಲ್ಲ” ಅಂತ ಬಂತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಸಂಜೆ ಹಾಗೆಯೇ ಜಾರುತ್ತಿತ್ತು. ಇನ್ನೊಂದು ಮಾತು, ಇನ್ನೊಂದೇ ಮಾತು ಆಡಿ ಆಮೇಲೆ ಹೇಳುತ್ತೇನೆ ಅಂದುಕೊಂಡೆ.

“ನಿಂಬಿ, ಪಾರಿ ಬಂದ್ಳೇನು?”

ಬೆರಳು ಮತ್ತೆ ನನ್ನನ್ನು ಕೇಳಲಿಲ್ಲ. “ಬಂದ್ಳು, ಒಳಗ ಉಣ್ಣಾಕತ್ತಾಳ.”

ಬೀಗದಲ್ಲಾಗಿದ್ದರೆ “ಛಲೋ ಆತು” ಅಂತ ಬರಬೇಕಿತ್ತು. ಗೆರೆ ಮಿಣಮಿಣ ಅನ್ನುತ್ತಾ ನಿಂತಿತು.

“ಎಲ್ಲಿ? ಸಪ್ಪಳನ ಇಲ್ಲಲ್ಲ” ಅಂದರು.

“ಸುಮ್ನ ಉಣ್ಣಾಕತ್ತಾಳ್ರಿ.”

“ಅಕಿ ಎಂದ್ ಸುಮ್ನ ಉಂಡಾಳ? ಇಲ್ಲಿ ಬಂದು ಪ ಒತ್ತಾಕ ಹೇಳು.”

ನಾನು ಆಗ ನಿಜ ಹೇಳಿಬಿಡಬೇಕಿತ್ತು. ಹೇಳಲೆಂದೇ ಕೂತವಳು ನಾನು. ಆದರೆ ಅಷ್ಟು ವರ್ಷದ ಸುಳ್ಳು ಕೈಯಲ್ಲಿ ಕೂತಿತ್ತು. ಕಿರುಬೆರಳಿನಿಂದ, ಮಗುವಿನ ಹಾಗೆ ಮೆತ್ತಗೆ, ಪ ಒತ್ತಿದೆ. ಪಪಪ.

ಒತ್ತಿ ಕೈಯನ್ನು ಮಡಿಲಿಗೆ ಎಳೆದುಕೊಂಡೆ.

“ಇದು ನಿನ್ನ ಬೆರಳು, ನಿಂಬಿ.”

ಆಗ ನಾನು ಪರದೆಯ ಮೂಲೆ ನೋಡಿದೆ. ಗಡಿಯಾರ ನಡೆಯುತ್ತಿತ್ತು. ಅದರ ಪಕ್ಕದಲ್ಲಿ ತಾರೀಕು. ಇವತ್ತಿನದಲ್ಲ. ಆ ಗಾಳಿಯ ದಿನದ್ದು. ನನ್ನ ಬೆರಳು ಒತ್ತಿದ್ದು ಅದನ್ನೇ. ಬೀಗದಲ್ಲಿ ಯಾವತ್ತೂ ಮುಗಿಯದೆ ನಿಂತಿದ್ದ ಆ ಸಂಜೆ ಈಗ ಬಯಲಿನಲ್ಲಿ ನಡೆಯತೊಡಗಿತ್ತು, ನಡೆದು ಕತ್ತಲಿನ ಹತ್ತಿರ ಬಂದಿತ್ತು, ಮಗಳು ಇನ್ನೂ ಮನೆಗೆ ಬಂದಿರಲಿಲ್ಲ.

“ತಡೀರಿ” ಅಂತ ಒತ್ತಿದೆ. “ಹೋಗಬ್ಯಾಡ್ರಿ, ಹೇಳೂದೈತಿ.” ಅವಸರಕ್ಕೆ ಅಕ್ಷರ ತಪ್ಪಿದವು. ಅಳಿಸಿ ಮತ್ತೆ ಒತ್ತಿದೆ. ನೀವು ಪಾರೀನ ಕರಿಯಾಕ ಹೋಗಿದ್ರಿ, ಅಂತ ಶುರು ಮಾಡಿದೆ. ನನ್ನ ಸಾಲು ಮುಗಿಯುವ ಮುಂಚೆಯೇ ಅವರ ಸಾಲು ಬಂತು.

“ಕತ್ತಲಾತು. ಹೋಗಿ ಕರಕೊಂಡ ಬರ್ತೇನಿ. ಚಹಾ ಇಟ್ಟಿರು.”

ನಾನು ಚೀರಿದೆ. ಪರದೆಗೆ ಕಿವಿ ಇಲ್ಲ ಅನ್ನುವುದೂ ನೆನಪಾಗಲಿಲ್ಲ. ಇದ್ದ ಬಲವೆಲ್ಲ ಹಾಕಿ ಒತ್ತಿದೆ: ಅಕಿ ಕೈ ಹಿಡಿದಿದ್ರಿ, ಗೋಡಿ ಬಿತ್ತು, ಇಬ್ರೂ ಹ್ವಾದ್ರಿ.

“ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳ್ರಿ” ಅಂತ ಬಂತು. ಅದು ಅವರ ಮಾತಲ್ಲ, ದಾವಲಸಾಬ ಬರೆದ ಮಾತು. ಮನೆಯಲ್ಲಿ ಯಾರೂ ಇಲ್ಲದಾಗ ಯಂತ್ರ ಆಡುವ ಮಾತು.

ದಾವಲಸಾಬ ಓಡಿ ಬಂದ. ಪರದೆ ನೋಡಿದ, ತಾರೀಕು ನೋಡಿದ, ನನ್ನ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾರೀಕು ಬದಲಿಸಿದ, ಬಿಚ್ಚಿದ, ಹುಡುಕಿದ. ಮರುದಿನವೂ ಬಂದು ಹುಡುಕಿದ. ಫ್ಲಾಪಿಗಳಲ್ಲೂ ಏನೂ ಉಳಿದಿರಲಿಲ್ಲ. ಹೊರಟವರು ಎಲ್ಲ ಕಡೆಯಿಂದಲೂ ಹೊರಟಿದ್ದರು. ಅಂಬಕ್ಕ ತನ್ನ ಅತ್ತೆಯನ್ನು ಕೇಳಿ ಬಂದಳು. “ಈ ಕಡೆ ಯಾರೂ ಹಾದಿಲ್ಲವ್ವಾ ಅಂತಾಳ” ಅಂದಳು. ಆ ದಿನ ಮಾತ್ರ ಮುದುಕಿ ಗುಂಡಿನ ಸರದ ಮಾತು ಎತ್ತಲಿಲ್ಲವಂತೆ.

ಊರಲ್ಲಿ ಇದು ಎರಡೂ ಕಡೆಯವರ ಬಾಯಿಗೆ ಬಿತ್ತು. ಬೀಗದವರು, ಅಂದರೆ ಬೀಗ ಹೋದ ಮೇಲೂ ಬೀಗದವರೇ ಆಗಿ ಉಳಿದವರು, “ನೋಡ್ರಿ, ಬಯಲಿಗೆ ಹಾಕಿದ್ರ ಹಿಂಗ ಆಗೂದು” ಅಂದರು. ಬಯಲಿನವರು “ಬೀಗದ ಚಾಳಿ ಬಿಡಲಿಲ್ಲ, ಅದಕ್ಕ ಹಿಂಗಾತು” ಅಂದರು. ಇಬ್ಬರೂ ರೊಟ್ಟಿ ಒಯ್ಯಲು ಬಂದಾಗ ನನ್ನ ಮುಂದೆ ಮಾತ್ರ ಸುಮ್ಮನಿರುತ್ತಾರೆ. ದೇಸಾಯರು ಒಂದು ದಿನ ಬಂದು ಕಟ್ಟೆಯ ಮೇಲೆ ಬಹಳ ಹೊತ್ತು ಕೂತು ಎದ್ದು ಹೋದರು.

ನನಗೆ ಒಂದೇ ಚಿಂತೆ. ಅವರು ಆ ಗಾಳಿಯಲ್ಲಿ ಇನ್ನೂ ನಡೆಯುತ್ತಿದ್ದಾರೆ. ಮೊದಲ ಸಲ ಹೋದಾಗ ಶಾಲೆಯ ಗೇಟಿನ ಹತ್ತಿರ ಪಾರಿ ನಿಂತಿದ್ದಳು, ಕೈ ಕೊಟ್ಟಳು. ಈ ಸಲ ಅಲ್ಲಿ ಯಾರಿದ್ದಾರೆ? ಒಂದೇ ಅಕ್ಷರ ಕಲಿತವಳನ್ನು ಅವರು ಎಲ್ಲಿ ಅಂತ ಹುಡುಕಬೇಕು? ಅವಳು ಸಿಗದ ಹೊರತು ವಾಪಸು ಬರುವ ಮನುಷ್ಯರೂ ಅಲ್ಲ. ನಾನು ಬಲ್ಲೆ.

ಕಂಪ್ಯೂಟರ್ ಈಗ ಬಹಳ ಚೆನ್ನಾಗಿದೆ. ಬೀಗದಕೈ ಬೇಕಿಲ್ಲ, ಕಂಪನಿಯ ಹಂಗಿಲ್ಲ. ಕೆಟ್ಟರೆ ದಾವಲಸಾಬ ಬರುತ್ತಾನೆ, ಅವನ ನಂತರ ಯಾರಾದರೂ ಬರುತ್ತಾರೆ. ನಾನು ಸತ್ತರೂ ಇದು ನಿಲ್ಲುವುದಿಲ್ಲವಂತೆ. ಸಂಜೆ ರೊಟ್ಟಿ ಕೆಲಸ ಮುಗಿಸಿ ಕೈ ತೊಳೆಯುತ್ತೇನೆ. ಆ ಸುಟ್ಟ ಪಾತ್ರೆಯನ್ನು ಉಜ್ಜಿ ಇಟ್ಟಿದ್ದೇನೆ, ಅದರಲ್ಲೇ ಚಹಾ ಇಡುತ್ತೇನೆ. ಆಮೇಲೆ ಪರದೆಯ ಮುಂದೆ ಕೂತು ತಾರೀಕು ಹಾಕುತ್ತೇನೆ, ಇವತ್ತಿನದು, ಎರಡೆರಡು ಸಲ ನೋಡಿ. ಅವತ್ತು ಹೇಳಬೇಕಾಗಿದ್ದ ಮಾತನ್ನು ಒಂದೊಂದೇ ಅಕ್ಷರ ಒತ್ತಿ ಹೇಳುತ್ತೇನೆ, ಕೈ ಹಿಡಿದಿದ್ರಿ ಅನ್ನುವುದನ್ನು ಬಿಡದೆ.

“ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳ್ರಿ” ಅನ್ನುತ್ತದೆ.

ನಾನು ಇನ್ನೊಮ್ಮೆ ಹೇಳುತ್ತೇನೆ.